ಮನೆಯವರಿಗೆ ತಿಳಿಸಲಿಲ್ಲ

ಲಿಂಗಾಯತ ಸಮಾಜದ ಮಂಡಳಿಯ ಕಾರ್ಯದರ್ಶಿ ರಾಘಣ್ಣ ಗುರುವಾರ ಮಧ್ಯಾಹ್ನ, ಊಟ ಮುಗಿದು ಕೈ ಒಣಗುವ ಹೊತ್ತಿಗೆ ಬಂದರು. ಪುಣೆಯ ಕೊಂಢವಾ ಬಡಾವಣೆಯ ಆ ವಸತಿ ಸೊಸೈಟಿಯ ಲಿಫ್ಟು ಎರಡು ದಿನದಿಂದ ಕೆಟ್ಟಿತ್ತು. ನಾಲ್ಕು ಮಜಲು ಹತ್ತಿ ಬಂದ ರಾಘಣ್ಣ ಬಾಗಿಲಲ್ಲೇ ಗೋಡೆ ಹಿಡಿದು ನಿಂತರು.

"ಸಾವಕಾರ್ರ, ನಿಮ್ಮ ಒಂದು ಸಹಿ ಸಲುವಾಗಿ ಏರಿ ಬಂದೀನ್ರಿ. ಇನ್ನೊಂದು ಮಜಲಾ ಇದ್ದಿದ್ರ ನನ್ನ ಶೋಕಸಭಾ ಮಾಡಬೇಕಾಗ್ತಿತ್ತು."

ಅಂದ ಮೇಲೆ ತಾನು ಯಾವ ಮನೆಯ ಹೊಸ್ತಿಲಲ್ಲಿ ನಿಂತಿದ್ದೇನೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಎದುರಿನ ಗೋಡೆಯ ಮೇಲೆ ಸ್ವಪ್ನಿಲನ ಫೋಟೋ ಇತ್ತು. ಹಾಕಿದ ಹೂವಿನ ಮಾಲೆ ಅಂದಿನದೇ.

"ಬರ್ರಿ, ಕೂಡ್ರಿ" ಎಂದರು ಸಿದ್ರಾಮಪ್ಪನವರು.

ಸಿದ್ರಾಮಪ್ಪನವರಿಗೆ ಎಪ್ಪತ್ತಾರು ವರ್ಷ. ಇಪ್ಪತ್ತರ ಪ್ರಾಯದಲ್ಲಿ ಆಳಂದದಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಬೇಳೆಕಾಳಿನ ಅಂಗಡಿ ಇಟ್ಟವರು. ಈಗ ಅಂಗಡಿಯನ್ನು ಮಗ ಚನ್ನವೀರ ನೋಡಿಕೊಳ್ಳುತ್ತಿದ್ದ. ಮನೆಯಲ್ಲಿ ಮಗ, ಸೊಸೆ ಶೈಲಾ, ತಾವು. ಹೋದ ಆಷಾಢದವರೆಗೆ ನಾಲ್ಕನೆಯವನೊಬ್ಬನಿದ್ದ. ಇಪ್ಪತ್ತೆರಡು ತುಂಬಿದ್ದ ಮೊಮ್ಮಗ ಸ್ವಪ್ನಿಲ್ ಗೆಳೆಯರ ಜೊತೆ ಲೋಣಾವಳಾಕ್ಕೆ ಮಳೆ ನೋಡಲು ಹೋದವನು, ಅಲ್ಲೊಂದು ಲಾಡ್ಜಿನಲ್ಲಿ ಮಿತಿಮೀರಿ ಕುಡಿದು, ವಾಂತಿ ಉಸಿರಿಗೆ ಸಿಕ್ಕಿ ತೀರಿಹೋಗಿದ್ದ. ವರ್ಷದ ಪುಣ್ಯತಿಥಿಗೆ ಇನ್ನು ಒಂಬತ್ತು ದಿನ ಉಳಿದಿದ್ದವು.

ರಾಘಣ್ಣ ಚೀಲದಿಂದ ಕಾಗದ ತೆಗೆದು ಕನ್ನಡಕ ಏರಿಸಿದರು.

"ಹೋಟೆಲಿನವರು ಸರಕಾರದ ಬೆನ್ನು ಹತ್ಯಾರ್ರಿ. ದಾರೂ ಕುಡಿಯೋ ವಯಸ್ಸು ಇಪ್ಪತ್ತೈದು ಅದಲ್ಲ, ಅದನ್ನ ಇಪ್ಪತ್ತೊಂದಕ್ಕ ಇಳಸ್ರಿ ಅಂತ. ನಾಳೆ ಹದಿನೆಂಟು ಅಂತಾರ, ನಾಡದ ತೊಟ್ಟಿಲದಾಗಿನ ಕೂಸಿಗೂ ಪರ್ಮಿಟ್ ಕೊಡ್ರಿ ಅಂತಾರ. ನಮ್ಮ ಮಂಡಳಿ ಸುಮ್ಮ ಕೂಡಬಾರದು. ರವಿವಾರ ಸಭಾದಾಗ ಕನ್ನಡದಾಗ ಓದ್ತೀವಿ, ಆಮ್ಯಾಲ ಮರಾಠಿ ಮಾಡಿಸಿ ಸರಕಾರಕ್ಕ ಕಳಸ್ತೀವಿ. ಮೊದಲನೇ ಸಹಿ ನಿಮ್ಮದ. ನಿಮ್ಮಕಿಂತ ಹೆಚ್ಚು ಅಧಿಕಾರ ಯಾರಿಗದ್ರಿ?"

ಹೀಗೆಂದು ಓದತೊಡಗಿದರು. ಅರ್ಜಿ ಚೆನ್ನಾಗಿಯೇ ಇತ್ತು. ಎಳೆಯ ವಯಸ್ಸು, ಕೆಡುವ ಸಂಸಾರಗಳು, ದುಡಿಯುವ ಕೈಗಳು, ಎಲ್ಲವೂ ಬಂದವು. ಮೂವತ್ತು ವರ್ಷದಿಂದ ಪ್ರತಿ ಬಸವ ಜಯಂತಿಗೆ ಸಮಾಜದ ಹುಡುಗರಿಗೆ ಲಿಂಗ ಮುಟ್ಟಿಸಿ 'ಕುಡಿಯುವುದಿಲ್ಲ' ಎಂದು ಆಣೆ ಮಾಡಿಸುತ್ತ ಬಂದ ಶ್ರೀ ಸಿದ್ರಾಮಪ್ಪನವರ ಹೆಸರು ಬಂತು. ಆಮೇಲೆ ಸ್ವಪ್ನಿಲನ ಸಾವು ಬಂತು. ರಾಘಣ್ಣ ದನಿ ತಗ್ಗಿಸಿದರು.

"'ಜೊತೆಗಿದ್ದ ಗೆಳೆಯರು ಹುಡುಗನನ್ನು ಖೋಲಿಯಲ್ಲಿ ಮಲಗಿಸಿ ಮೂರು ತಾಸು ಸುಮ್ಮನೆ ಕುಳಿತರು. ಆಸ್ಪತ್ರೆಗೆ ಒಯ್ಯಲಿಲ್ಲ. ಎಲ್ಲ ಮುಗಿಯುವವರೆಗೆ ಮನೆಯವರಿಗೆ ತಿಳಿಸಲಿಲ್ಲ.'"

ಸಿದ್ರಾಮಪ್ಪನವರು ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಬಾಯಿಗೆ ತಂದು, ಕುಡಿಯದೆ ಕೆಳಗಿಟ್ಟರು.

ಚಹ ತಂದ ಶೈಲಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳುತ್ತಿದ್ದಳು. ಈ ಒಂದು ವರ್ಷದಲ್ಲಿ ಬಂದವರ ಮುಂದೆ ಅವಳು ಮಾತಾಡಿದ್ದೇ ಕಡಿಮೆ. ಈಗ ಮುಂದೆ ಬಂದಳು.

"ರಾಘಣ್ಣಾರ, ಗೆಳೆಯರು ಅಂದ್ರ ಯಾರ್ರಿ? ಹೆಸರು ಹಾಕ್ರಿ."

"ಅಲ್ಲವ್ವಾ, ಅರ್ಜಿಯೊಳಗ..."

"ಉಳದಿಬ್ಬರು ಮಳ್ಯಾಗ ಗಾಡಿ ಹತ್ತಿ ಓಡಿಹೋದ್ರು. ಕೂತಾಂವ ಒಬ್ಬನ. ಕಾರ್ತಿಕ. ಮೂರನೇ ಬಿಲ್ಡಿಂಗು, ಎರಡನೇ ಮಜಲಾ. ನನ್ನ ಕೈಲೆ ಉಂಡು ಬೆಳದಾಂವ. ನನ್ನ ನಂಬರ ಅವನ ಫೋನಿನ್ಯಾಗ ಇತ್ತು. ಒಂದು ಫೋನ್ ಹಚ್ಚಿದ್ರ ನಾ ಹಾರಿ ಹೋಗ್ತಿದ್ದೆ. ಹೆಸರು ಹಾಕ್ರಿ. ಓದಿದವರಿಗೆಲ್ಲ ತಿಳೀಲಿ."

ರಾಘಣ್ಣ ಸಿದ್ರಾಮಪ್ಪನವರ ಮುಖ ನೋಡಿದರು. "ಸಾವಕಾರ್ರು ಹೂಂ ಅಂದ್ರ ಹಾಕೂಣು."

"ಇಟ್ಟು ಹೋಗ್ರಿ" ಎಂದರು ಸಿದ್ರಾಮಪ್ಪನವರು. "ಓದಿ, ನಾಳೆ ಸಹಿ ಹಾಕಿ ಕೊಡ್ತೀನಿ."

ರಾಘಣ್ಣ ಚಹ ಕುಡಿದು ಮೆಟ್ಟಿಲಿಳಿದು ಹೋದರು. ಕಾಗದ ಮೇಜಿನ ಮೇಲೆ ಉಳಿಯಿತು.

ಅದರಲ್ಲಿದ್ದ 'ಮನೆಯವರಿಗೆ ತಿಳಿಸಲಿಲ್ಲ' ಎಂಬ ಮಾತು ಸುಳ್ಳೆಂದು ಬಲ್ಲವರು ಇಬ್ಬರೇ. ಒಬ್ಬ ಕಾರ್ತಿಕ. ಇನ್ನೊಬ್ಬರು ಸಿದ್ರಾಮಪ್ಪನವರು.

ಸ್ವಪ್ನಿಲ ತೀರಿಹೋದ ದಿನ ಬುಧವಾರ. ಮಧ್ಯಾಹ್ನ ನಾಲ್ಕು ಹೊಡೆದು ಹತ್ತು ನಿಮಿಷಕ್ಕೆ ಸಿದ್ರಾಮಪ್ಪನವರ ಫೋನು ರಿಂಗಾಗಿತ್ತು. ಆಗಷ್ಟೇ ಮಡಿಯುಟ್ಟು, ವಿಭೂತಿ ಧರಿಸಿ ಸಂಜೆಯ ಪೂಜೆಗೆ ಕುಳಿತಿದ್ದರು. ಆ ಕಡೆ ಕಾರ್ತಿಕ. "ಅಜ್ಜಾ, ಸ್ವಪ್ನ್ಯಾ ಭಾಳ ಕುಡದಾನ. ಎಬ್ಬಿಸಿದ್ರ ಏಳವಲ್ಲ. ಕಣ್ಣು ಮ್ಯಾಲ ಮಾಡ್ಯಾನ. ದವಾಖಾನಿಗೆ ಒಯ್ಯಲೇನು? ಒಯ್ದ್ರ ವಯಸ್ಸು ಕೇಳ್ತಾರ, ಪೊಲೀಸ್ ಕೇಸ್ ಆಗ್ತದ ಅಂತ ಲಾಡ್ಜಿನವ ಹೆದರಸಲಿಕ್ಕತ್ಯಾನ. ಏನ್ ಮಾಡ್ಲಿ ಹೇಳ್ರಿ."

ಆಗ ಸಿದ್ರಾಮಪ್ಪನವರು ಕೇಳಿದ ಮೊದಲ ಮಾತು ಮೊಮ್ಮಗನ ಉಸಿರಿನದಲ್ಲ. "ಕೊರಳಾಗ ಲಿಂಗ ಅದ ಇಲ್ಲೊ?" ಎಂದು ಕೇಳಿದರು.

"ಇಲ್ಲಜ್ಜಾ. ಬರೂಮುಂದ ಮನ್ಯಾಗ ತಗದಿಟ್ಟು ಬಂದಾನ. ಕುಡಿಯೂಮುಂದ ಮೈಮ್ಯಾಲ ಇರಬಾರದು ಅಂದ."

ಹುಡುಗನಿಗೆ ಅಷ್ಟು ಭಯಭಕ್ತಿ ಇತ್ತು. ಕುಡಿಯುವ ಆಸೆಯೂ ಇತ್ತು. ಎರಡನ್ನೂ ಅವನು ಬೇರೆ ಬೇರೆ ಇಡಲು ನೋಡಿದ್ದ. ಅಜ್ಜನ ಕಣ್ಣಿಗೆ ಆ ಹೊತ್ತು ಅದೊಂದೂ ಕಾಣಲಿಲ್ಲ. ಹದಿನಾರರ ವಯಸ್ಸಿನಲ್ಲಿ ತಾನೇ ಕೈಹಿಡಿದು ಆಣೆ ಮಾಡಿಸಿದ ಮೊಮ್ಮಗ ಲೋಣಾವಳಾದ ಆಸ್ಪತ್ರೆಯಲ್ಲಿ ಬರಿಗೊರಳಲ್ಲಿ, ಬಾಯಿ ನಾರುತ್ತ ಮಲಗಿರುವುದು ಕಂಡಿತು. ಪೊಲೀಸರು ಬರೆದುಕೊಳ್ಳುವ ಹೆಸರು ಕಂಡಿತು. ಮಂಡಳಿಯ ಜನ ಬಾಯಿಗೆ ಕೈ ಇಟ್ಟು ನಗುವುದು ಕಂಡಿತು.

"ದವಾಖಾನಿ ಗಿವಾಖಾನಿ ಬ್ಯಾಡ. ಮಲಗಸು. ನಿಶಾ ತಾನ ಇಳೀತದ. ಲಿಂಗ ತಗೊಂಡು ನಾನ ಬರ್ತೀನಿ. ನಾ ಬರೂತನಕ ಯಾರಿಗೂ ಒಂದು ಮಾತು ಹೇಳಬ್ಯಾಡ. ಅವರವ್ವಗಂತೂ ಹೇಳಲೇಬ್ಯಾಡ."

ಇಷ್ಟು ಹೇಳಿ ಅವರು ಪೂಜೆ ಮುಗಿಸಿದರು. ಅರ್ಧಕ್ಕೆ ಏಳಬಾರದಲ್ಲ! ಆಮೇಲೆ ಸ್ವಪ್ನಿಲನ ಕಪಾಟಿನಲ್ಲಿ ಹುಡುಕಿ, ಇಸ್ತ್ರಿ ಮಾಡಿದ ಅಂಗಿಗಳ ನಡುವೆ ಮಡಿಬಟ್ಟೆಯಲ್ಲಿ ಸುತ್ತಿಟ್ಟಿದ್ದ, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡರು. ಮಠಕ್ಕೆ ಹೋಗಿಬರುತ್ತೇನೆಂದು ಸೊಸೆಗೆ ಹೇಳಿದರು. ಲೋಕಲ್ ರೈಲು ಹಿಡಿದು, ಮಳೆಯಲ್ಲಿ ತೊಯ್ದು, ಲಾಡ್ಜು ಹುಡುಕಿ ತಲುಪುವಷ್ಟರಲ್ಲಿ ಏಳಾಗಿತ್ತು. ಹುಡುಗನ ತುಟಿ ನೀಲಿಯಾಗಿತ್ತು. ಆಗಲೂ ಅವರು ಮೊದಲು ಕರಡಿಗೆಯ ದಾರವನ್ನು ಅವನ ಕೊರಳಿಗೆ ಕಟ್ಟಿದರು. ಗಂಟು ಕೂಡಲಿಲ್ಲ. ಕಾರ್ತಿಕ ಅಳುತ್ತ ಕೂಡಿಸಿದ. ಆಮೇಲೆ ಗಾಡಿ ಕರೆಸಿದರು. ಯಾವಾಗಿನಿಂದ ಹೀಗಿದ್ದಾನೆ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರೆ, ಈಗಷ್ಟೇ ಎಂದರು. ಡಾಕ್ಟರು ನಾಡಿ ಹಿಡಿದು ನೋಡಿ, ಕೈ ಬಿಟ್ಟರು.

ರಾತ್ರಿ ಮನೆಗೆ ಫೋನು ಮಾಡಿದಾಗ, ತಾವು ಮಠದಲ್ಲಿದ್ದಾಗ ಆರು ಗಂಟೆಗೆ ಸುದ್ದಿ ಬಂತು, ಹುಡುಗರು ತಿಳಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಹೇಳಿದರು. ಪಕ್ಕದಲ್ಲಿ ನಿಂತಿದ್ದ ಕಾರ್ತಿಕ ಅದನ್ನು ಕೇಳಿದ.

ಯಾವುದನ್ನು ಮುಚ್ಚಲು ಇಷ್ಟೆಲ್ಲ ಮಾಡಿದರೋ ಅದು ಎರಡನೆಯ ದಿನವೇ ಊರಿಗೆಲ್ಲ ಗೊತ್ತಾಯಿತು. ಪೋಸ್ಟ್‌ಮಾರ್ಟಮ್ ಆಯಿತು, ಪೊಲೀಸರು ಬಂದರು, ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಯಾರೂ ನಗಲಿಲ್ಲ. ಜನ ಮನೆ ತುಂಬ ಬಂದು ಅವರ ಕೈಹಿಡಿದು ಅತ್ತರು. ಸಿದ್ರಾಮಪ್ಪನವರು ಆ ಕನಿಕರವನ್ನೆಲ್ಲ ತಲೆತಗ್ಗಿಸಿ ತೆಗೆದುಕೊಂಡರು. ವರ್ಷವಿಡೀ ದಿನಾ ಪೂಜೆಗೆ ಕೂಡುತ್ತಿದ್ದರು. ಅಂಗೈಯ ಲಿಂಗದ ಕಡೆ ನೇರವಾಗಿ ನೋಡುವುದು ಮಾತ್ರ ಆಗುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಕೋಲು ಹಿಡಿದು ಮೆಲ್ಲಗೆ ಕೆಳಗಿಳಿದರು. ಕಾರ್ತಿಕ ವಿಮಾನ ನಗರದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಾನೆ, ಒಂಬತ್ತರ ಸುಮಾರಿಗೆ ಹೊರಡುತ್ತಾನೆ ಎಂಬುದು ಗೊತ್ತಿತ್ತು. ನಿಜ ಹೇಳಬೇಕೆಂದರೆ, ಅವರು ಹೊರಟದ್ದು ಕ್ಷಮೆ ಕೇಳಲು ಅಲ್ಲ. ಹೆಸರು ಬರೆದು ಅರ್ಜಿ ಹೋದರೆ ಹುಡುಗ ಬಾಯಿ ಬಿಟ್ಟಾನೇ ಎಂದು ಅಳೆದು ನೋಡಲು. ಎಪ್ಪತ್ತಾರರ ವಯಸ್ಸಿನಲ್ಲಿ, ಹಣೆತುಂಬ ವಿಭೂತಿ ಇಟ್ಟುಕೊಂಡು, ಅದಕ್ಕಾಗಿ ಇಳಿದಿದ್ದರು.

ಹುಡುಗ ಪಾರ್ಕಿಂಗಿನಲ್ಲಿ ಸ್ಕೂಟಿ ಒರೆಸುತ್ತಿದ್ದ. ಅಜ್ಜನನ್ನು ಕಂಡು ಬಟ್ಟೆ ಕೆಳಗಿಟ್ಟು, ಬಗ್ಗಿ ಕಾಲು ಮುಟ್ಟಿದ.

"ಆರಾಮ ಇದ್ದೀಯೇನಪಾ?"

"ಹೂಂ ಅಜ್ಜಾ."

"ಮಂಡಳಿಯವರು ಒಂದು ಅರ್ಜಿ ಬರದಾರ. ವಯಸ್ಸು ಇಳಸಬ್ಯಾಡ್ರಿ ಅಂತ. ಅದರಾಗ... ನಿನ್ನ ಹೆಸರು ಬರತೈತಿ."

"ಏನಂತ?" ಎಂದ ಕಾರ್ತಿಕ.

"ಮನೆಯವರಿಗೆ ತಿಳಿಸಲಿಲ್ಲ ಅಂತ."

"ಹಾಕ್ರಿ" ಎಂದ ಹುಡುಗ. "ಇಡೀ ಸೊಸೈಟಿ ಅದನ್ನ ಅಂತದ. ಶೈಲಾ ಕಾಕು ನಮ್ಮವ್ವನ ಜೋಡಿ ಮಾತು ಬಿಟ್ಟು ವರ್ಷ ಆತು. ಅರ್ಜಿಯೊಳಗ ಬಂದ್ರ ಇನ್ನೇನು ಹೊಸಾದಾಗ್ತದ?"

ಸಿದ್ರಾಮಪ್ಪನವರಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಏನಾದರೂ ಅನ್ನಬೇಕೆಂದು, "ನೀ ಏನಂತೀ? ವಯಸ್ಸು ಇಳಸಬೇಕೊ ಬ್ಯಾಡೊ?" ಎಂದು ಕೇಳಿದರು.

ಹುಡುಗ ನಕ್ಕ. ಚಂದದ ನಗೆಯಲ್ಲ. "ಅಜ್ಜಾ, ಬಾಟ್ಲಿ ಕೊಡೂಮುಂದ ಒಬ್ಬನೂ ನಮ್ಮ ವಯಸ್ಸು ಕೇಳಲಿಲ್ಲ. ಪರ್ಮಿಟ್ ಕೇಳಲಿಲ್ಲ. ದವಾಖಾನಿಗೆ ಹೋಗಾಕ ಒಂದು ಗಾಡಿ ತರಸ್ರಿ ಅಂದ ಕೂಡ್ಲೆ ಕೇಳಿದ್ರು. ನಿಮ್ಮ ವಯಸ್ಸೆಷ್ಟು, ನಿಮ್ಮಪ್ಪನ ಹೆಸರೇನು, ಒಳಗ ಹೋಗ್ತೀರಿ ನೋಡ್ರಿ ಅಂತ. ಇಪ್ಪತ್ತೊಂದು ಅಂತ ಇದ್ದಿದ್ರ ನಾ ಹೆದರತಿರಲಿಲ್ಲೇನೊ. ಗೊತ್ತಿಲ್ಲ. ಇಪ್ಪತ್ತೊಂದು ಇದ್ದಿದ್ರ ಅವನು ಮೊದಲ ಕುಡದು ಕೆಡ್ತಿದ್ನೇನೊ, ಅದೂ ಗೊತ್ತಿಲ್ಲ."

ಬಟ್ಟೆಯನ್ನೆತ್ತಿ ಮತ್ತೆ ಸೀಟು ಒರೆಸತೊಡಗಿದ. ಒರೆಸುತ್ತಲೇ ಹೇಳಿದ.

"ನಾ ಕಾಕೂಗೇ ಫೋನ್ ಹಚ್ಚಾಂವ ಇದ್ದೆ. ಸ್ವಪ್ನ್ಯಾಗ ಇನ್ನಾ ಸ್ವಲ್ಪ ಎಚ್ಚರ ಇತ್ತು. ಅವನ ಬ್ಯಾಡ ಅಂದ. 'ಅಜ್ಜಗ ಹಚ್ಚು. ಅಜ್ಜ ಬೈತಾನ, ಆದ್ರ ಬಂದು ಕರ್ಕೊಂಡು ಹೋಗ್ತಾನ' ಅಂದ. ಅದಾದ ಮ್ಯಾಲ ಅಂವ ಮಾತಾಡಲಿಲ್ಲ."

ಸಿದ್ರಾಮಪ್ಪನವರು ಸ್ಕೂಟಿಯ ಹ್ಯಾಂಡಲ್ ಹಿಡಿದುಕೊಂಡರು.

"ಇದನ್ನ ನನಗ ಯಾಕ ಹೇಳಲಿಲ್ಲೊ?"

"ಹ್ಯಾಂಗ ಹೇಳ್ಲಿ ಅಜ್ಜಾ?" ಎಂದ ಹುಡುಗ. "ನೀವು ಅಷ್ಟು ಅಳ್ತಿದ್ರಿ. ಮತ್ತ, ನಾನೂ ಕೂತೆನಲ್ಲ. ನೀವು ಬ್ಯಾಡ ಅಂದ್ರೂ ನಾ ಹೊತಗೊಂಡು ಓಡಬೇಕಿತ್ತು. ಓಡಲಿಲ್ಲ. ಹಿರಿಯರು ಹೇಳ್ಯಾರ ಅಂತ ಕೂತೆ."

ತಡವಾಯಿತೆಂದು ಹೇಳಿ, ಮತ್ತೊಮ್ಮೆ ಕಾಲು ಮುಟ್ಟಿ ಅವನು ಹೊರಟುಹೋದ. ಸಿದ್ರಾಮಪ್ಪನವರು ಕಾಲು ಹಿಂದೆ ಸರಿಸುವಷ್ಟರಲ್ಲಿ ಮುಟ್ಟಿಬಿಟ್ಟಿದ್ದ.

ನಾಲ್ಕು ಮಜಲು ಹತ್ತಲು ಅವರಿಗೆ ಅರ್ಧ ತಾಸು ಹಿಡಿಯಿತು. ಪ್ರತಿ ಮಜಲಿನಲ್ಲೂ ಕುಳಿತರು. ಮನೆಗೆ ಬಂದು ಮೇಜಿನ ಮುಂದೆ ಕುಳಿತು, ಆ ಸಾಲಿನ ಮೇಲೆ ಗೆರೆ ಎಳೆದರು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. ನಾಲ್ಕು ಗಂಟೆ ಹತ್ತು ನಿಮಿಷದಿಂದ ಹಿಡಿದು, ಡಾಕ್ಟರಿಗೆ ಹೇಳಿದ ಸುಳ್ಳಿನವರೆಗೆ ಬರೆದರು. ಬರೆಯುವುದು ಅಷ್ಟು ಕಷ್ಟವಾಗಲಿಲ್ಲ. ಕೈ ತಾನಾಗಿ ಹೋಯಿತು. ಶೈಲಾಳ ಮುಂದೆ ಕಾಗದ ಇಟ್ಟು ಒಳಗೆ ಹೋಗಿಬಿಡೋಣ, ಅವಳೇ ಓದಿಕೊಳ್ಳಲಿ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಆಗಲೂ ಒಂದು ಮರೆ ಬೇಕಾಗಿತ್ತು ಅವರಿಗೆ.

ಶೈಲಾ ಒಳಗೆ ಪುಣ್ಯತಿಥಿಗೆಂದು ತಂದ ಕಡಲೆಬೇಳೆ ಹಸನು ಮಾಡುತ್ತಿದ್ದಳು.

"ಶೈಲವ್ವಾ, ಇದನ್ನ ಓದು."

ಅವಳು ಕಾಗದ ತೆಗೆದುಕೊಂಡು, ಅಂಚಿನ ಸಣ್ಣ ಅಕ್ಷರಗಳ ಕಡೆ ಕಣ್ಣು ಕಿರಿದು ಮಾಡಿ ನೋಡಿ, ತಿರುಗಿ ಕೊಟ್ಟಳು.

"ಮಾವಾರ, ನಾ ಮರಾಠಿ ಸಾಲಿ ಕಲತಾಕಿ. ಅಚ್ಚಿನ ಕನ್ನಡನ ನನಗ ಕೂಡಿಸಿ ಓದಬೇಕಾಗ್ತದ. ನಿಮ್ಮ ಕೈಬರಹ ನನಗೆಲ್ಲಿ ಬರ್ತದ್ರಿ? ನೀವ ಓದ್ರಿ. ಹೆಸರು ಹಾಕೀರಿಲ್ಲೊ?"

ಸಿದ್ರಾಮಪ್ಪನವರು ಕಾಗದ ಹಿಡಿದು ನಿಂತರು. ಕೈಬರಹವನ್ನು ಬಾಯಿಯಿಂದ ಹೇಳುವುದೆಂದರೆ ಬೇರೆಯೇ. ಮೊದಲ ಸಾಲು ಓದಿದರು. ಎರಡನೆಯದನ್ನು ಅರ್ಧಕ್ಕೆ ಬಿಟ್ಟರು. ಕಾಗದ ಮಡಿಚಿ, ನೆಲದ ಮೇಲೆ ಸೊಸೆಯ ಎದುರಿಗೆ ಕುಳಿತು, ನೋಡಿಕೊಳ್ಳದೆ ಹೇಳಿದರು. ಎಲ್ಲವನ್ನೂ ಹೇಳಿದರು. ಲಿಂಗ ಅದ ಇಲ್ಲೊ ಎಂದು ಕೇಳಿದ್ದನ್ನೂ ಹೇಳಿದರು. ಅಜ್ಜ ಬಂದು ಕರಕೊಂಡು ಹೋಗುತ್ತಾನೆ ಎಂದಿದ್ದನಂತೆ, ಅದನ್ನೂ ಹೇಳಿದರು.

ಶೈಲಾಳ ಬೆರಳುಗಳು ಬೇಳೆಯೊಳಗೆ ಹಾಗೇ ನಿಂತಿದ್ದವು.

"ನಾಲ್ಕು ಹೊಡದು ಹತ್ತು ನಿಮಿಷಕ್ಕ ನಾ ಇಲ್ಲೇ ಇದ್ದೆ" ಎಂದಳು. "ರೊಟ್ಟಿ ಬಡೀಲಿಕ್ಕತ್ತಿದ್ದೆ."

"ಹೌದವ್ವಾ."

"ಮಠಕ್ಕ ಹೋಗ್ತೀನಿ ಅಂದ್ರಿ. ಮಳಿ ಅದ, ಚಾ ಕುಡದು ಹೋಗ್ರಿ ಅಂದೆ. ಚಾ ಕೊಟ್ಟೆ."

"ಕೊಟ್ಟಿ."

"ಕುಡದ್ರಿ."

ಅವರು ತಲೆ ಎತ್ತಲಿಲ್ಲ. "ಕುಡದೆ" ಎಂದರು.

"ಕೂತು ಕುಡದ್ರಿ ಮಾವಾರ. ಬಿಸಿ ಅದ ಅಂತ ಬಸಿಗೆ ಹಾಕೊಂಡು ಕುಡದ್ರಿ."

ಅವಳ ದನಿ ಏರಲಿಲ್ಲ. ಏರಿದ್ದರೆ ಅವರಿಗೆ ತಾಳಲು ಸುಲಭವಾಗುತ್ತಿತ್ತು. ಬೈಯಲಿ, ಬಡಿಯಲಿ, ಮನೆ ಬಿಟ್ಟು ಹೋಗು ಎನ್ನಲಿ ಎಂದು ಕಾದರು. ಅವಳು ಬೇಳೆಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದೇ ಮಾತು ಕೇಳಿದಳು.

"ನನ್ನ ಯಾಕ ಕರೀಲಿಲ್ಲ್ರಿ?"

ಉತ್ತರ ಅವರಿಗೆ ಗೊತ್ತಿತ್ತು. ಕರೆದಿದ್ದರೆ ಅವಳು ಕೂಗುತ್ತಿದ್ದಳು, ಮಗ್ಗುಲ ಮನೆಯವರು ಬರುತ್ತಿದ್ದರು, ಎಲ್ಲರಿಗೂ ಗೊತ್ತಾಗುತ್ತಿತ್ತು. ಎಲ್ಲರಿಗೂ ಗೊತ್ತಾಗಿದ್ದರೆ ಹುಡುಗ ಉಳಿಯುತ್ತಿದ್ದ.

"ನಾಚಿಕಿ ಆತವ್ವಾ" ಎಂದರು.

ಶೈಲಾ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು.

"ಏಳ್ರಿ. ಹೋಗೂಣು."

"ಎಲ್ಲಿಗವ್ವಾ?"

"ಮೂರನೇ ಬಿಲ್ಡಿಂಗಿಗೆ. ನಾ ಒಂದು ವರ್ಷ ಆ ತಾಯಿ ಮುಖ ನೋಡಿಲ್ಲ. ದೀಪಾವಳಿಗೆ ಆಕಿ ಫರಾಳದ ತಿಂಡಿ ತಂದ್ರ ಬಾಗಲ ತೆಗೀಲಿಲ್ಲ. 'ನಿನ್ನ ಮಗ ನನ್ನ ಮಗನ್ನ ತಿಂದ' ಅಂತ ನಳದ ಕಟ್ಟಿ ಮುಂದ ನಿಂತು ಅಂದೀನಿ. ನಾಲ್ಕು ಮಂದಿ ಕೇಳ್ಯಾರ. ಆಕಿ ಏನೂ ಅನ್ನಲಿಲ್ಲ. ಈಗ ನನಗ ಹೇಳಿದ್ದು ಆಕಿಗೂ ಹೇಳ್ರಿ. ಸಂಜಿಗೆ ಇವರು ಅಂಗಡಿಯಿಂದ ಬಂದ ಮ್ಯಾಲ ಇವರಿಗೂ ಹೇಳ್ರಿ. ರವಿವಾರ ಸಭಾದಾಗ ನೀವ ಎದ್ದು ನಿಂತು ಓದ್ರಿ. ರಾಘಣ್ಣಾರ ಕೈಯಾಗ ಕೊಡಬ್ಯಾಡ್ರಿ."

"ರಾಘಣ್ಣ ಇದನ್ನ ಅರ್ಜಿಯೊಳಗ ಇಟ್ಟುಕೊಳ್ಳೂದಿಲ್ಲವ್ವಾ. ಇದು ವಯಸ್ಸಿನ ಅರ್ಜಿ. ಇದನ್ನ ಓದಿದ್ರ ಇಳಸಬ್ಯಾಡ್ರಿ ಅಂತಾನೂ ಆಗೂದಿಲ್ಲ, ಇಳಸ್ರಿ ಅಂತಾನೂ ಆಗೂದಿಲ್ಲ."

"ಆಗದಿದ್ರ ಬಿಡ್ಲಿ. ಆ ಇಪ್ಪತ್ತೈದು ಇಪ್ಪತ್ತೊಂದರ ಹಿಂದ ಎಷ್ಟು ದಿನ ಅಡಗತೀರಿ?"

ಅವಳು ಕಾಯದೆ ಮೆಟ್ಟಿಲಿಳಿಯತೊಡಗಿದಳು. ಸಿದ್ರಾಮಪ್ಪನವರು ಕೋಲು ಹಿಡಿದು ಹಿಂದೆ ಇಳಿದರು. ಪ್ರತಿ ತಿರುವಿನಲ್ಲಿ ಅವಳು ನಿಂತಾಳೆಂದು ನೋಡಿದರು. ಅವಳು ನಿಲ್ಲಲಿಲ್ಲ. ಆದರೂ ಅವಳ ಚಪ್ಪಲಿ ಸದ್ದು ಒಂದು ಮಜಲಿಗಿಂತ ಮುಂದೆ ಹೋಗಲಿಲ್ಲ.

ಕಾರ್ತಿಕನ ತಾಯಿ ಸುಮಂಗಲಾ ಬಾಗಿಲು ತೆರೆದವಳು, ಶೈಲಾಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. ಮತ್ತೇನು ಕೇಳಬೇಕಾಗುತ್ತದೋ ಎಂಬ ಹೆದರಿಕೆ ಮುಖದ ಮೇಲಿತ್ತು. ಹಿಂದೆ ನಿಂತ ಹಿರಿಯರನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಬರ್ರಿ... ಒಳಗ ಬರ್ರಿ ಅಜ್ಜಾರ. ಬಾರವಾ ಶೈಲಾ."

"ನಾ ಆಮ್ಯಾಲ ಬರ್ತೀನಿ" ಎಂದಳು ಶೈಲಾ. ಹೊಸ್ತಿಲಾಚೆಯೇ ನಿಂತಳು. "ಮೊದಲ ಇವರು ಹೇಳ್ಲಿ. ನಾ ಒಳಗ ಬರಬೇಕೊ ಬ್ಯಾಡೊ, ನೀವ ಹೇಳೀರಂತ."

ಅಷ್ಟೊತ್ತಿಗೆ ಎದುರು ಮನೆಯ ಬಾಗಿಲು ಅರ್ಧ ತೆರೆಯಿತು. ಯಾರೋ ಇಣುಕಿದರು. ಸಿದ್ರಾಮಪ್ಪನವರಿಗೆ ಅಭ್ಯಾಸಬಲದಿಂದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದರು. ಕೋಲನ್ನು ಗೋಡೆಗೆ ಆನಿಸಿ, ಎರಡೂ ಕೈ ಜೋಡಿಸಿದರು.

"ಅಯ್ಯ, ಹಿರಿಯರು ನೀವು, ಕೈ ಮುಗೀಬ್ಯಾಡ್ರಿ" ಎಂದಳು ಸುಮಂಗಲಾ ಗಾಬರಿಯಾಗಿ.

ಅವರು ಕೈ ಇಳಿಸಲಿಲ್ಲ.

"ತಾಯಿ, ನಿಮ್ಮ ಮಗ ನನಗ ಫೋನ್ ಹಚ್ಚಿದ್ದ" ಎಂದರು, ಎದುರು ಮನೆಗೂ ಕೇಳುವಂತೆ.